ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ

ಗಂಡಹೆಂಡಿರಿಬ್ಬರು ಸೇರಿಕೊಂಡು ನಾಲ್ಕಾರು ಜನರ ಹಣ ನುಂಗಿ ಊರು ಬಿಟ್ಟರೆಂದರೆ, ಮರುದಿನದ ಸುದ್ದಿಯಲ್ಲಿ ಅವರಿಗೊಂದು ಹೆಸರು ಸಿದ್ಧವಾಗಿರುತ್ತದೆ: 'ಬಂಟಿ-ಬಬ್ಲಿ'. ಉತ್ತರ ಭಾರತದ ಪತ್ರಿಕೆಗಳಲ್ಲಿ ಬೇರುಬಿಟ್ಟ ಈ ರೂಢಿ ನಮ್ಮ ಕಡೆಗೂ ಬಂದು ತಲುಪಿದೆ. ಸುದ್ದಿ ಓದುವವರ ತುಟಿಯಂಚಿನಲ್ಲಿ ಆಗ ಒಂದು ನಗು ಮೂಡುತ್ತದೆ. ಕೇಳುವ ನಾವೂ ನಗುತ್ತೇವೆ. ಕಳೆದುಕೊಂಡವರು ಯಾರು, ಎಷ್ಟು ಕಳೆದುಕೊಂಡರು, ಆ ಹಣವನ್ನು ಅವರು ಯಾವುದಕ್ಕೆಂದು ಕೂಡಿಟ್ಟಿದ್ದರು ಎಂಬುದು ಸುದ್ದಿಯ ಕೊನೆಯ ಸಾಲಿನಲ್ಲಿ ಬರುತ್ತದೆ, ಅಥವಾ ಬರುವುದೇ ಇಲ್ಲ.

ಈ ನಗುವಿನ ಬಗ್ಗೆ ನನಗೆ ತಕರಾರಿದೆ. ಇಂದಿನ ಈ ಬರಹ ಆ ತಕರಾರನ್ನು ಮಂಡಿಸುವುದಕ್ಕಾಗಿ.

ಹೆಸರಿನ ಮೂಲ ಎಲ್ಲರಿಗೂ ತಿಳಿದದ್ದೇ. 2005ರ ಮೇ ತಿಂಗಳಲ್ಲಿ 'ಬಂಟಿ ಔರ್ ಬಬ್ಲಿ' ಎಂಬ ಹಿಂದಿ ಚಿತ್ರ ಬಿಡುಗಡೆಯಾಯಿತು. ಶಾದ್ ಅಲಿ ಅದರ ನಿರ್ದೇಶಕರು, ನಿರ್ಮಾಣ ಯಶ್ ರಾಜ್ ಸಂಸ್ಥೆಯದು. ಅಭಿಷೇಕ್ ಬಚ್ಚನ್ ಮತ್ತು ರಾಣಿ ಮುಖರ್ಜಿ ವಂಚಕ ಜೋಡಿಯಾಗಿಯೂ, ಅಮಿತಾಭ್ ಬಚ್ಚನ್ ಅವರನ್ನು ಬೆನ್ನಟ್ಟುವ ಪೊಲೀಸ್ ಅಧಿಕಾರಿ ದಶರಥ ಸಿಂಗ್ ಆಗಿಯೂ ನಟಿಸಿದ್ದರು. ಶಂಕರ್-ಎಹಸಾನ್-ಲಾಯ್ ಅವರ ಸಂಗೀತ, ಗುಲ್ಜಾರ್ ಅವರ ಗೀತರಚನೆ. ಚಿತ್ರ ಆ ವರ್ಷದ ಅತ್ಯಂತ ಯಶಸ್ವಿ ಚಿತ್ರಗಳಲ್ಲೊಂದಾಯಿತು. 'ಕಜ್ರಾ ರೇ' ಹಾಡಂತೂ ದೇಶದ ಮೂಲೆಮೂಲೆಯನ್ನೂ ಮುಟ್ಟಿತು. ಆಗ ನಾನಿನ್ನೂ ಸೇವೆಯಲ್ಲಿದ್ದೆ. ಹಿಂದಿಯ ಪರೀಕ್ಷೆಯಲ್ಲಿ ನಾಲ್ಕು ವಾಕ್ಯ ಬರೆಯಲು ತಿಣುಕುತ್ತಿದ್ದ ಮಕ್ಕಳು ಆ ಹಾಡನ್ನು ಒಂದಕ್ಷರ ತಪ್ಪದಂತೆ ಹಾಡುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ಚಿತ್ರ ಕೆಟ್ಟದಾಗಿ ಮಾಡಿದ ಚಿತ್ರವಲ್ಲ. ಕೆಟ್ಟ ಚಿತ್ರವಾಗಿದ್ದರೆ ಇಪ್ಪತ್ತು ವರ್ಷಗಳ ನಂತರ ಅದರ ಮೇಲೆ ವಾದ ಹೂಡುವ ಅಗತ್ಯವೇ ಇರುತ್ತಿರಲಿಲ್ಲ. ಫುರ್ಸತ್‌ಗಂಜ್ ಎಂಬ ಸಣ್ಣ ಊರಿನ ರಾಕೇಶ, ಪಂಕಿನಗರದ ವಿಮ್ಮಿ ಇಬ್ಬರೂ ತಮ್ಮ ಊರು ತಮಗೆ ಸಾಲದೆಂದು ಮನೆಬಿಟ್ಟು ಹೊರಟವರು. 'ಫುರ್ಸತ್' ಎಂದರೆ ಬಿಡುವು, ಪುರುಸೊತ್ತು. ನಮ್ಮ 'ಪುರುಸೊತ್ತು' ಬಂದದ್ದೂ ಆ ಮೂಲದಿಂದಲೇ. ಪುರುಸೊತ್ತಿನ ಊರಿನಲ್ಲಿ ಪುರುಸೊತ್ತಿಲ್ಲದ ಹುಡುಗ ಎಂಬ ವಿನೋದ ಹೆಸರಿನಲ್ಲೇ ಇದೆ. ಅವನ ತಂದೆ ರೈಲ್ವೆಯ ಟಿಕೆಟ್ ಪರೀಕ್ಷಕ. ಮಗನೂ ಅದೇ ರೈಲ್ವೆಯಲ್ಲಿ ನೌಕರಿ ಹಿಡಿದು ನೆಲೆಯಾಗಲಿ ಎಂಬುದು ಅವನ ಆಸೆ. ವಿಮ್ಮಿಗೆ ಸೌಂದರ್ಯ ಸ್ಪರ್ಧೆಯ ಕನಸು. ಸಣ್ಣ ಊರಿನ ಮಕ್ಕಳ ಈ ಚಡಪಡಿಕೆಯನ್ನು ಚಿತ್ರ ಬಹಳ ಸೊಗಸಾಗಿ ಹಿಡಿದಿದೆ. ಮೂವತ್ತಕ್ಕೂ ಹೆಚ್ಚು ವರ್ಷ ಅಂಥ ಮಕ್ಕಳ ಎದುರಿನಲ್ಲೇ ನಿಂತು ಪಾಠ ಹೇಳಿದ ನನಗೆ ಅದರ ಬೆಲೆ ಗೊತ್ತು.

ಊರು ಬಿಟ್ಟ ಇವರಿಬ್ಬರೂ ಮೊದಲು ತಾವೇ ಮೋಸಹೋಗುತ್ತಾರೆ. ರಾಕೇಶನ ಯೋಜನೆಯನ್ನು ಉದ್ಯಮಿಯೊಬ್ಬ ಅವಮಾನಿಸಿ, ಆಮೇಲೆ ಅದನ್ನೇ ಕದಿಯುತ್ತಾನೆ. ವಿಮ್ಮಿಯನ್ನು ಸ್ಪರ್ಧೆಯಿಂದ ಹೊರಗಟ್ಟುತ್ತಾರೆ. ಆಗ ಇಬ್ಬರೂ ಸೇರಿ ಆ ಉದ್ಯಮಿಗೆ ತಿರುಮಂತ್ರ ಹಾಕುತ್ತಾರೆ. ನೋಡುವ ನಮಗೆ ಸಮಾಧಾನವಾಗುತ್ತದೆ. ಆಗಲೇಬೇಕು, ಏಕೆಂದರೆ ಅಲ್ಲಿ ಲೆಕ್ಕ ಸರಿಯಾಗಿದೆ: ಕಸಿದುಕೊಂಡವನಿಂದ ಕಸಿದುಕೊಂಡರು.

ನನ್ನ ತಕರಾರು ಅಲ್ಲಿಂದ ಮುಂದಿನದು. ಎರಡನೆಯ ವಂಚನೆಗೆ, ಮೂರನೆಯದಕ್ಕೆ, ಹತ್ತನೆಯದಕ್ಕೆ ಯಾವ ಲೆಕ್ಕ? ಅಲ್ಲಿ ಮೋಸಹೋದವರು ಇವರಿಗೆ ಏನು ಮಾಡಿದ್ದರು? ಚಿತ್ರ ಈ ಪ್ರಶ್ನೆ ಏಳದ ಹಾಗೆ ಬಹು ಜಾಣತನದಿಂದ ಓಡುತ್ತದೆ. ವೇಷ ಬದಲಾಗುತ್ತದೆ, ಊರು ಬದಲಾಗುತ್ತದೆ, ಹಾಡು ಬರುತ್ತದೆ. ಮೋಸಹೋದವನು ತೆರೆಯ ಮೇಲೆ ಒಂದು ಗಳಿಗೆ ಬೆಪ್ಪನಂತೆ ಬಾಯಿ ಬಿಟ್ಟು ನಿಂತು ಮರೆಯಾಗುತ್ತಾನೆ. ಆತ ಆ ಸಂಜೆ ಮನೆಗೆ ಹೋಗಿ ಹೆಂಡತಿಗೆ ಏನು ಹೇಳಿದ ಎಂಬುದನ್ನು ನಾವು ಕಾಣುವುದಿಲ್ಲ. ಕೊನೆಗೆ ತಾಜಮಹಲನ್ನೇ ಒಬ್ಬ ವಿದೇಶೀಯನಿಗೆ ಮಾರುವ ತನಕ ಆಟ ಬೆಳೆಯುತ್ತದೆ. ಮೊದಲ ವಂಚನೆಗೆ ನಾವು ಕೊಟ್ಟ ಒಪ್ಪಿಗೆಯನ್ನೇ ಚಿತ್ರ ಮುಂದಿನ ಎಲ್ಲ ವಂಚನೆಗಳಿಗೂ ಬಳಸಿಕೊಳ್ಳುತ್ತದೆ. ಒಂದು ಖಾಲಿ ಕಾಗದಕ್ಕೆ ಸಹಿ ಹಾಕಿಸಿಕೊಂಡು ಆಮೇಲೆ ತಮಗೆ ಬೇಕಾದದ್ದನ್ನು ಬರೆದುಕೊಳ್ಳುವವರ ಉಪಾಯವೂ ಇದೇ ಅಲ್ಲವೇ?

"ಮೇಷ್ಟ್ರೇ, ಅವರು ದುರಾಸೆಯವರಿಗೆ ತಾನೇ ಮೋಸ ಮಾಡಿದ್ದು" ಎಂದು ವಾದಿಸುವವರಿದ್ದಾರೆ. ಈ ವಾದ ಚಿತ್ರಕ್ಕಿಂತ ಹಳೆಯದು. ಮೋಸಹೋಗುವವರು ಇರುವ ತನಕ ಮೋಸ ಮಾಡುವವರು ಇರುತ್ತಾರೆ ಎಂಬ ಮಾತನ್ನು ನಾವೆಲ್ಲರೂ ಒಂದಲ್ಲ ಒಂದು ಸಲ ಆಡಿದವರೇ. ಕೇಳಲು ಅದು ಅನುಭವದ ಮಾತಿನಂತಿದೆ. ಆದರೆ ಅದರ ಅರ್ಥವನ್ನು ಬಿಡಿಸಿ ನೋಡಿ. ಅಪರಾಧದ ಮೊದಲ ಕಾರಣ ಮೋಸಹೋದವನೇ ಎಂದು ಅದು ಹೇಳುತ್ತದೆ. ಬೀಗ ಹಾಕದ ಮನೆಗೆ ಕನ್ನ ಹಾಕಿದರೆ ಕಳ್ಳನನ್ನು ಬಿಟ್ಟು ಮನೆಯವನನ್ನು ಕಟಕಟೆಯಲ್ಲಿ ನಿಲ್ಲಿಸಿದಂತೆ.

ಕನ್ನಡ ಪಾಠ ಹೇಳಿದವನಾದ್ದರಿಂದ ನಮ್ಮ ನುಡಿಯನ್ನೂ ಇಲ್ಲಿ ಕಟಕಟೆಗೆ ಕರೆಯದೆ ವಿಧಿಯಿಲ್ಲ. ವಂಚನೆಗೆ ನಮ್ಮಲ್ಲಿ ಎಷ್ಟು ಮಾತುಗಳಿವೆ, ನೆನೆದು ನೋಡಿ. ಟೋಪಿ ಹಾಕುವುದು, ಮಕಮಲ್ ಟೋಪಿ ಹಾಕುವುದು, ನಾಮ ಹಾಕುವುದು, ಪಂಗನಾಮ ಹಾಕುವುದು, ಉಂಡೆನಾಮ ತಿಕ್ಕುವುದು, ಕಿವಿಯ ಮೇಲೆ ಹೂವಿಡುವುದು, ಚಳ್ಳೆಹಣ್ಣು ತಿನ್ನಿಸುವುದು. ಕಣ್ಣಿಗೆ ಮಣ್ಣೆರಚುವುದೊಂದನ್ನು ಬಿಟ್ಟರೆ ಉಳಿದವೆಲ್ಲ ನಗೆ ತರಿಸುವ ಚಿತ್ರಗಳು. ಪ್ರತಿಯೊಂದರಲ್ಲೂ ವಂಚಿಸಿದವನು ಕಾಣುವುದಿಲ್ಲ. ತಲೆಯ ಮೇಲೆ ಟೋಪಿ, ಹಣೆಯ ಮೇಲೆ ನಾಮ, ಕಿವಿಯ ಮೇಲೆ ಹೂವು ಇಟ್ಟುಕೊಂಡು ಬೀದಿಯಲ್ಲಿ ನಿಂತವನು ಮೋಸಹೋದವನೇ. ನಗಬೇಕಾದದ್ದು ಅವನನ್ನು ನೋಡಿ. ಈ ಮಾತುಗಳ ಸೊಗಸನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ವಿಧವೆಯೊಬ್ಬಳ ಠೇವಣಿ ಮುಳುಗಿದ ಸುದ್ದಿಗೆ 'ಲಕ್ಷ ಲಕ್ಷ ಪಂಗನಾಮ' ಎಂಬ ತಲೆಬರಹ ಕಂಡಾಗ, ನುಡಿಯ ಸೊಗಸು ಇಲ್ಲಿ ಯಾರ ಪಕ್ಷ ವಹಿಸುತ್ತಿದೆ ಎಂದು ಕೇಳಬೇಕಾಗುತ್ತದೆ.

ನಮ್ಮ ಚಲನಚಿತ್ರಗಳು ಎಂದೂ ಹೀಗೆಯೇ ಇದ್ದವೆಂದು ಯಾರೂ ಭಾವಿಸಬೇಕಾಗಿಲ್ಲ. 'ಬಂಟಿ ಔರ್ ಬಬ್ಲಿ'ಗೆ ಸರಿಯಾಗಿ ಐವತ್ತು ವರ್ಷ ಮೊದಲು, 1955ರಲ್ಲಿ, ರಾಜ್ ಕಪೂರ್ 'ಶ್ರೀ 420' ಮಾಡಿದರು. ಕಥೆ ಖ್ವಾಜಾ ಅಹ್ಮದ್ ಅಬ್ಬಾಸ್ ಅವರದು. ಹೆಸರಿನಲ್ಲಿರುವ 420 ಎಂಬುದು ವಂಚನೆಗೆ ಶಿಕ್ಷೆ ವಿಧಿಸುತ್ತಿದ್ದ ಭಾರತೀಯ ದಂಡ ಸಂಹಿತೆಯ ಕಲಮು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದ್ದು, ಅದರಲ್ಲಿ ಈ ಅಪರಾಧ 318ನೆಯ ಕಲಮಿನ 4ನೆಯ ಉಪಕಲಮಿಗೆ ಸೇರಿದೆ. ಆದರೂ 'ಫೋರ್ ಟ್ವೆಂಟಿ' ಎಂಬ ಬೈಗುಳ ಇನ್ನೂ ಬಹುಕಾಲ ಬದುಕಿರುತ್ತದೆ, ಬಿಡಿ.

ಅಲ್ಲಿಯೂ ಹಾಡಿದೆ, ಹಾಸ್ಯವಿದೆ, ಮಳೆಯಲ್ಲಿ ಒಂದೇ ಕೊಡೆಯ ಕೆಳಗಿನ ಪ್ರೇಮವಿದೆ. ನಾಯಕ ರಾಜ್ ಓದಿದವನು, ಕೆಲಸವಿಲ್ಲದವನು, ದೊಡ್ಡ ಊರಿಗೆ ಬರಿಗೈಯಲ್ಲಿ ಬಂದವನು. ಪ್ರಾಮಾಣಿಕತೆಗೆಂದು ಪಡೆದ ಪದಕವನ್ನು ಮುಂಬಯಿಯಲ್ಲಿ ಒತ್ತೆ ಇಡಬೇಕಾಗುತ್ತದೆ. ಇವನೂ ವಂಚನೆಗೆ ಇಳಿಯುತ್ತಾನೆ, ಒಳ್ಳೆಯ ಬಟ್ಟೆ ತೊಡುತ್ತಾನೆ, ಶ್ರೀಮಂತರ ಕೂಟಗಳಲ್ಲಿ ಮಿಂಚುತ್ತಾನೆ. ಆಮೇಲೆ ಸೇಠ್ ಸೋನಾಚಂದ್ ಒಂದು ಯೋಜನೆ ಹೂಡುತ್ತಾನೆ: ನೂರು ರೂಪಾಯಿ ಕೊಟ್ಟರೆ ಬಡವರಿಗೊಂದು ಸ್ವಂತ ಮನೆ. ಹಣ ಕಟ್ಟಲು ಸಾಲುಗಟ್ಟಿ ಬರುವವರು ಯಾರು? ರಾಜ್ ಬರಿಗೈಯಲ್ಲಿ ಬಂದಾಗ ತಮ್ಮ ಕಾಲುದಾರಿಯಲ್ಲಿ ಜಾಗ ಕೊಟ್ಟವರು. ಬಾಳೆಹಣ್ಣು ಮಾರುವ ಗಂಗಾ ಮಾಯಿ ಮೊದಲಾದವರು. ನಾವು ಅವರನ್ನು ಕಥೆಯ ಮೊದಲಿನಿಂದ ಬಲ್ಲೆವು, ಅವರ ಜತೆ ಹಾಡು ಕೇಳಿದ್ದೇವೆ. ಅವರ ಗಂಟು ಬಿಚ್ಚಿಕೊಳ್ಳುವಾಗ ನಗು ತಾನಾಗಿ ನಿಲ್ಲುತ್ತದೆ. ರಾಜ್‌ನ ಪ್ರೇಯಸಿಯ ಹೆಸರು ವಿದ್ಯಾ, ಅವಳು ಬಡ ಮಕ್ಕಳಿಗೆ ಅಕ್ಷರ ಕಲಿಸುವ ಶಿಕ್ಷಕಿ. ಅವನು ವಂಚಕನಾದನೆಂದು ತಿಳಿದಾಗ ಅವಳು ಅವನ ಜತೆ ವೇಷ ಕಟ್ಟಲು ಹೋಗಲಿಲ್ಲ, ದೂರ ಸರಿದಳು. ನಮ್ಮ ವೃತ್ತಿಬಂಧುವೆಂಬ ಅಭಿಮಾನದಿಂದ ಮಾತ್ರ ನಾನು ಇದನ್ನು ಹೇಳುತ್ತಿಲ್ಲ. ಆ ಚಿತ್ರದಲ್ಲಿ ಪ್ರೇಮಕ್ಕೂ ವಂಚನೆಗೂ ನಡುವೆ ಜಗಳವಿದೆ. 2005ರ ಚಿತ್ರದಲ್ಲಿ ವಂಚನೆಯೇ ಪ್ರೇಮದ ಹಂದರ. ಇಬ್ಬರೂ ಸೇರಿ ಹೆಚ್ಚು ಹೆಚ್ಚು ಜನರಿಗೆ ಮೋಸ ಮಾಡಿದಷ್ಟೂ ಅವರ ಪ್ರೀತಿ ಹೂಬಿಡುತ್ತದೆ.

ಈಗ ತಾಜಮಹಲಿನ ಮಾತಿಗೆ ಬರೋಣ. ಆ ಪ್ರಸಂಗ ಆಕಾಶದಿಂದ ಉದುರಿದ್ದಲ್ಲ. ಬಿಹಾರದ ಸಿವಾನ್ ಕಡೆಯವನಾದ ಮಿಥಿಲೇಶ್ ಕುಮಾರ್ ಶ್ರೀವಾಸ್ತವ ಎಂಬ ವಂಚಕ 'ನಟವರಲಾಲ್' ಎಂಬ ಹೆಸರಿನಿಂದ ಪ್ರಸಿದ್ಧನಾಗಿದ್ದ. ತಾಜಮಹಲನ್ನೂ ಕೆಂಪುಕೋಟೆಯನ್ನೂ ಮಾರಿದನೆಂಬ ಕಥೆಗಳು ಅವನ ಸುತ್ತ ಹೆಣೆದುಕೊಂಡಿವೆ. 1996ರಲ್ಲಿ, ಎಂಬತ್ತು ದಾಟಿದ ಮುದುಕನಾಗಿ, ದೆಹಲಿಯಲ್ಲಿ ಪೊಲೀಸರ ಕಾವಲಿನಿಂದ ತಪ್ಪಿಸಿಕೊಂಡು ಹೋದ. 1979ರಲ್ಲಿ 'ಮಿಸ್ಟರ್ ನಟವರಲಾಲ್' ಎಂಬ ಚಿತ್ರವೂ ಬಂತು, ನಾಯಕ ಅಮಿತಾಭ್ ಬಚ್ಚನ್. ಅಂದು ಆ ಹೆಸರು ಹೊತ್ತವರೇ 2005ರಲ್ಲಿ ಪೊಲೀಸ್ ಟೋಪಿ ಧರಿಸಿ ವಂಚಕರ ಬೆನ್ನು ಹತ್ತಿದರು. ನಟವರಲಾಲನ ಜಾಣ್ಮೆಯ ಕಥೆಗಳನ್ನು ಹೇಳಬಲ್ಲವರು ಸಾವಿರಾರು ಜನ ಸಿಕ್ಕಾರು. ಅವನಿಂದ ಮೋಸಹೋದ ಒಬ್ಬ ಅಂಗಡಿಯವನ ಹೆಸರು ಹೇಳಬಲ್ಲವರು ನಿಮಗೆ ಯಾರಾದರೂ ಸಿಕ್ಕಿದ್ದಾರೆಯೇ?

ಸ್ಮಾರಕ ಮಾರುವ ಈ ವಿದ್ಯೆಗೆ ಯುರೋಪಿನಲ್ಲಿ ಇನ್ನೂ ಹಳೆಯ ಉದಾಹರಣೆಯಿದೆ, ಮತ್ತು ನನ್ನ ವಾದದ ತಿರುಳು ಅದರಲ್ಲಿದೆ. 1889ರ ಪ್ಯಾರಿಸ್ ವಸ್ತುಪ್ರದರ್ಶನಕ್ಕೆಂದು ಕಟ್ಟಿದ ಐಫೆಲ್ ಗೋಪುರ ಶಾಶ್ವತವಾಗಿ ನಿಲ್ಲಬೇಕೆಂದು ಕಟ್ಟಿದ್ದಲ್ಲ. 1925ರಲ್ಲಿ ಅದರ ನಿರ್ವಹಣೆಯ ಖರ್ಚಿನ ಬಗ್ಗೆ ಮಾತು ನಡೆದಿದ್ದಾಗ ವಿಕ್ಟರ್ ಲುಸ್ಟಿಗ್ ಎಂಬ ವಂಚಕ ತಾನು ಅಂಚೆ ತಂತಿ ಇಲಾಖೆಯ ಅಧಿಕಾರಿಯೆಂದು ಹೇಳಿಕೊಂಡು, ಗೋಪುರವನ್ನು ಹಳೆಕಬ್ಬಿಣದ ಲೆಕ್ಕದಲ್ಲಿ ಗುಟ್ಟಾಗಿ ಮಾರಲಾಗುವುದೆಂದು ವ್ಯಾಪಾರಿಗಳನ್ನು ಕರೆಸಿದ. ಒಬ್ಬ ವ್ಯಾಪಾರಿ ನಂಬಿ ಹಣ ಸುರಿದ. ತಾನು ಮೋಸಹೋದದ್ದು ತಿಳಿದ ಮೇಲೆ ಅವನು ಮಾಡಿದ್ದೇನು? ಏನನ್ನೂ ಮಾಡಲಿಲ್ಲ. ಊರೆಲ್ಲ ನಗುತ್ತದೆಂಬ ನಾಚಿಕೆಯಿಂದ ಪೊಲೀಸರ ಬಳಿ ಹೋಗಲೇ ಇಲ್ಲ. ಇದನ್ನು ಕಂಡ ಲುಸ್ಟಿಗ್ ಸ್ವಲ್ಪ ಕಾಲದ ನಂತರ ಮತ್ತೆ ಪ್ಯಾರಿಸ್‌ಗೆ ಬಂದು ಅದೇ ಗೋಪುರವನ್ನು ಇನ್ನೊಮ್ಮೆ ಮಾರಲು ಹೊರಟ! ಅವನು ಕೊನೆಗೆ ಸೆರೆಯಾದದ್ದು 1935ರಲ್ಲಿ ಅಮೆರಿಕದಲ್ಲಿ, ಅದೂ ಖೋಟಾ ನೋಟಿನ ಪ್ರಕರಣದಲ್ಲಿ. ಐಫೆಲ್ ಗೋಪುರ ಅವನನ್ನು ಹಿಡಿದುಕೊಡಲಿಲ್ಲ.

ಎಂದರೆ, ಎರಡನೆಯ ವಂಚನೆಗೆ ಬಂಡವಾಳ ಹಾಕಿದವರು ಯಾರು? ಇನ್ನೂ ನಗದೇ ಇದ್ದ, ಆದರೆ ಖಂಡಿತ ನಗುತ್ತಿದ್ದ ಪ್ಯಾರಿಸ್‌ನ ಜನ. ಮೋಸಹೋದವನನ್ನು ನೋಡಿ ಸಮಾಜ ನಗುವುದರಿಂದಲೇ ಅವನು ಬಾಯಿ ಮುಚ್ಚಿಕೊಳ್ಳುತ್ತಾನೆ. ಅವನು ಬಾಯಿ ಮುಚ್ಚಿಕೊಳ್ಳುವುದರಿಂದಲೇ ವಂಚಕ ಮುಂದಿನ ಮನೆಯ ಬಾಗಿಲು ತಟ್ಟುತ್ತಾನೆ. ನಮ್ಮ ನಗುವೇ ವಂಚಕನಿಗೆ ರಕ್ಷೆ.

ಇದು ಪ್ಯಾರಿಸ್‌ನ ಕಥೆಯೆಂದು ತಳ್ಳಿಹಾಕಬೇಡಿ. ನನ್ನ ಕಣ್ಣೆದುರಿಗೆ ನಡೆದದ್ದನ್ನು ಹೇಳುತ್ತೇನೆ. ಊರಿನ ಹೆಸರಾಗಲಿ ಜನರ ಹೆಸರಾಗಲಿ ಬೇಡ. ಏಳೆಂಟು ವರ್ಷಗಳ ಹಿಂದೆ ನಮ್ಮ ಬಡಾವಣೆಯಲ್ಲಿ ದಂಪತಿಗಳಿಬ್ಬರು ಫ್ಯಾನ್ಸಿ ಸ್ಟೋರ್ ಇಟ್ಟುಕೊಂಡು ಜತೆಗೆ ಚೀಟಿ ನಡೆಸುತ್ತಿದ್ದರು. ಗಂಡ ಮಿತಭಾಷಿ, ಸದಾ ಹಣೆಯಲ್ಲಿ ಕುಂಕುಮ. ಹೆಂಡತಿ ಎಲ್ಲರಿಗೂ ಅಕ್ಕರೆಯವಳು. ವರಮಹಾಲಕ್ಷ್ಮಿ ಹಬ್ಬಕ್ಕೆ ಚೀಟಿ ಹಾಕಿದ ಮನೆಗಳ ಹೆಂಗಸರನ್ನೆಲ್ಲ ಕರೆದು ರವಿಕೆಕಣ ಕೊಟ್ಟು ಕಳಿಸುವಳು. ಮೊದಲೆರಡು ವರ್ಷ ಚೀಟಿ ಎತ್ತಿದವರಿಗೆಲ್ಲ ಹಣ ತಪ್ಪದೆ ಬಂತು. ಮೂರನೆಯ ವರ್ಷ ಒಂದು ಬೆಳಗ್ಗೆ ಅಂಗಡಿಯ ಷಟರ್ ಏಳಲಿಲ್ಲ.

ಕಳೆದುಕೊಂಡವರಲ್ಲಿ ನಮ್ಮ ಶಾಲೆಯಲ್ಲಿ ಜವಾನರಾಗಿದ್ದು ನಿವೃತ್ತರಾದವರೊಬ್ಬರಿದ್ದರು. ಮೂವತ್ತು ವರ್ಷ ಗಂಟೆ ಬಾರಿಸಿದ ಕೈ. ನಿವೃತ್ತಿಯಾದಾಗ ಬಂದ ಗ್ರಾಚ್ಯುಯಿಟಿಯ ಬಹುಭಾಗವನ್ನು ಮಗಳ ಮದುವೆಗೆಂದು ಅಲ್ಲಿ ಹಾಕಿದ್ದರು. ಠಾಣೆಗೆ ಹೋಗೋಣ ನಡೆಯಿರಿ, ನಾನೂ ಬರುತ್ತೇನೆ ಎಂದೆ. ಅವರು ತಲೆಯೆತ್ತಲಿಲ್ಲ. "ಬ್ಯಾಡಿ ಸಾರ್. ಕಂಪ್ಲೇಂಟ್ ಕೊಟ್ರೆ ಪೇಪರ್‌ನಾಗೆ ಹೆಸರು ಬತ್ತದೆ. ಮಗಳ ಮಾತುಕತೆ ನಡೀತಾ ಐತೆ. ಅಪ್ಪ ನಾಮ ಹಾಕಿಸ್ಕೊಂಡೋನು ಅಂತ ಬೀಗರ ಮುಂದೆ ಯಾರಾದ್ರೂ ನಕ್ಕುಬಿಟ್ರೆ?" ಎಂದರು. ಆ ವಾರವೇ ಕ್ಷೌರದಂಗಡಿಯಲ್ಲಿ ಕುಳಿತಿದ್ದಾಗ ಅದೇ ದಂಪತಿಗಳ ಮಾತು ಬಂತು. ಒಬ್ಬರು, "ಏನ್ ಜೋಡಿ ಸ್ವಾಮೀ, ಥೇಟ್ ಬಂಟಿ-ಬಬ್ಲಿ" ಎಂದರು. ಅಂಗಡಿಯೆಲ್ಲ ನಕ್ಕಿತು. ಆ ನಗುವನ್ನು ಹೆದರಿಯೇ ಜವಾನರು ಠಾಣೆಯ ಮೆಟ್ಟಿಲು ಹತ್ತಲಿಲ್ಲ. ದೂರು ಕೊಟ್ಟವರು ಮೂರೋ ನಾಲ್ಕೋ ಜನ. ಕಳೆದುಕೊಂಡವರು ಅದರ ಹತ್ತರಷ್ಟಾದರೂ ಇದ್ದರು. ಪ್ರಕರಣ ಸಣ್ಣದಾಯಿತು, ಹಾಗೆಯೇ ಮಸುಕಾಯಿತು.

"ಹಾಗಾದರೆ ನಗೆಚಿತ್ರಗಳೇ ಬೇಡವೇ? ಕೊನೆಯಲ್ಲಿ ಕಳ್ಳರಿಗೆಲ್ಲ ಬೇಡಿ ತೊಡಿಸಿ ನೀತಿ ಬೋಧಿಸಬೇಕೇ?" ಎಂದು ಕೇಳುವಿರಿ. ಖಂಡಿತ ಇಲ್ಲ. ಆ ಪ್ರಯೋಗವನ್ನು ಅಮೆರಿಕದವರು ಮಾಡಿ ನೋಡಿದ್ದಾರೆ. 1934ರಿಂದ ಹಾಲಿವುಡ್ಡಿನಲ್ಲಿ ಬಿಗಿಯಾಗಿ ಜಾರಿಗೆ ಬಂದ ನೀತಿಸಂಹಿತೆಯ ಪ್ರಕಾರ ಅಪರಾಧಿಯ ಮೇಲೆ ಪ್ರೇಕ್ಷಕರಿಗೆ ಒಲವು ಹುಟ್ಟಬಾರದಾಗಿತ್ತು, ಅವನಿಗೆ ಶಿಕ್ಷೆಯಾಗಲೇಬೇಕಾಗಿತ್ತು. ಆ ನಿಯಮಕ್ಕೆ ಬಲಿಯಾದ ಚಿತ್ರಗಳಲ್ಲಿ ಅರ್ನ್ಸ್ಟ್ ಲುಬಿಟ್ಷ್ ಅವರ 'ಟ್ರಬಲ್ ಇನ್ ಪ್ಯಾರಡೈಸ್' ಒಂದು. 1932ರಲ್ಲಿ ತೆರೆಕಂಡ ಈ ಚಿತ್ರಕ್ಕೆ 1935ರಲ್ಲಿ ಮರುಬಿಡುಗಡೆಯ ಅನುಮತಿ ಸಿಗಲಿಲ್ಲ. ದಶಕಗಳ ಕಾಲ ಜನರಿಗೆ ಅದು ಕಾಣಸಿಗಲಿಲ್ಲ. ಕಳ್ಳ ಜೋಡಿಯ ಪ್ರೇಮಹಾಸ್ಯ ಹೇಗಿರಬೇಕೆಂದು ಕೇಳಿದರೆ ನಾನು ತೋರಿಸುವುದು ಅದೇ ಚಿತ್ರವನ್ನು.

ಅದರಲ್ಲಿ ಗ್ಯಾಸ್ಟನ್ ಮತ್ತು ಲಿಲಿ ಇಬ್ಬರೂ ಕಳ್ಳರು. ವೆನಿಸ್ ನಗರದ ಹೋಟೆಲೊಂದರಲ್ಲಿ ದೊಡ್ಡ ಮನೆತನದವರಂತೆ ನಟಿಸುತ್ತ ಊಟಕ್ಕೆ ಕೂರುತ್ತಾರೆ, ಊಟದ ನಡುವೆ ಒಬ್ಬರ ಜೇಬನ್ನು ಇನ್ನೊಬ್ಬರು ಕತ್ತರಿಸುತ್ತಾರೆ. ಹಾಗೆ ಪರಸ್ಪರ ಗುರುತು ಹಿಡಿದು ಒಲಿಯುತ್ತಾರೆ. ಮುಂದೆ ಪ್ಯಾರಿಸ್‌ನಲ್ಲಿ ಸುಗಂಧದ್ರವ್ಯ ಸಂಸ್ಥೆಯ ಒಡತಿ ಮೇರಿಯೆಟ್ ಕೊಲೆಟ್‌ಳ ಮನೆ ಸೇರುತ್ತಾರೆ, ಅವನು ಅವಳ ಕಾರ್ಯದರ್ಶಿಯಾಗಿ. ಕೊನೆಯಲ್ಲಿ ಇವರಿಗೆ ಶಿಕ್ಷೆಯಾಗುವುದಿಲ್ಲ. ಆದರೆ ವ್ಯತ್ಯಾಸ ನೋಡಿ. ಮೋಸಕ್ಕೆ ಗುರಿಯಾದ ಮೇರಿಯೆಟ್ ಅಲ್ಲಿ ಬೆಪ್ಪಳಲ್ಲ. ಅವಳಿಗೆ ಮನಸ್ಸಿದೆ, ಬುದ್ಧಿಯಿದೆ, ಪ್ರೀತಿಯಿದೆ. ನಿಜ ತಿಳಿದ ಮೇಲೆ ಕಳ್ಳ ಅವಳ ಮುಖವನ್ನು ನೋಡಿ ಮಾತಾಡಿಯೇ ಹೊರಡಬೇಕು. ಅವನನ್ನು ಹೋಗಗೊಡುವವಳು ಪೊಲೀಸಿನವನಲ್ಲ, ಕಳೆದುಕೊಂಡ ಅವಳೇ. ಅವಳ ಸಂಸ್ಥೆಯ ಆಡಳಿತ ಮಂಡಳಿಯ ಗೌರವಸ್ಥ ಅಧ್ಯಕ್ಷನೇ ವರ್ಷಗಳಿಂದ ಅವಳನ್ನು ಲೂಟಿ ಮಾಡುತ್ತಿದ್ದ ದೊಡ್ಡ ಕಳ್ಳ ಎಂಬುದನ್ನೂ, ದೊಡ್ಡವರ ಕಳ್ಳತನ ಬಯಲಾಗದಂತೆ ಸಮಾಜ ಎಷ್ಟು ಜತನ ಮಾಡುತ್ತದೆಂಬುದನ್ನೂ ಚಿತ್ರ ನಗುನಗುತ್ತಲೇ ಹೇಳಿಬಿಡುತ್ತದೆ.

ಇನ್ನೊಂದು, 1966ರ 'ಹೌ ಟು ಸ್ಟೀಲ್ ಎ ಮಿಲಿಯನ್'. ವಿಲಿಯಂ ವೈಲರ್ ನಿರ್ದೇಶನ, ಆಡ್ರಿ ಹೆಪ್‌ಬರ್ನ್ ಮತ್ತು ಪೀಟರ್ ಒಟೂಲ್ ಜೋಡಿ. ಅವರಿಬ್ಬರೂ ಪ್ಯಾರಿಸ್‌ನ ವಸ್ತುಸಂಗ್ರಹಾಲಯದಿಂದ ಒಂದು ಶಿಲ್ಪವನ್ನು ಕದಿಯುತ್ತಾರೆ. ಅದು ನಾಯಕಿಯ ತಂದೆಯದೇ, ಅದೂ ಖೋಟಾ ಶಿಲ್ಪ; ಪರೀಕ್ಷೆಯಾದರೆ ಗುಟ್ಟು ರಟ್ಟಾಗುತ್ತದೆಂದು ತಮ್ಮದನ್ನೇ ತಾವು ಕದಿಯಬೇಕಾದ ಪೇಚಾಟ. ಅಲ್ಲಿ ಯಾವ ಬಡವನ ಗಂಟೂ ಕರಗುವುದಿಲ್ಲ. ನಾವು ಹೊಟ್ಟೆ ಹುಣ್ಣಾಗುವಂತೆ ನಗಬಹುದು, ನಕ್ಕು ಮನೆಗೆ ಹೋಗಿ ನೆಮ್ಮದಿಯಿಂದ ಮಲಗಬಹುದು. ನಾನು ಕೇಳುವುದು ಇಷ್ಟನ್ನೇ: ನಗಿಸುವವನು ಮೋಸಹೋದವನ ಲೆಕ್ಕವನ್ನು ಮರೆಯದಿರಲಿ. ಅವನನ್ನು ಮನುಷ್ಯನಾಗಿ ತೋರಿಸಿ, ಇಲ್ಲವೇ ಯಾರಿಗೂ ನಷ್ಟವಾಗದಂಥ ಕಥೆಯನ್ನು ಹೆಣೆಯಿರಿ. ಎರಡಕ್ಕೂ ಪ್ರತಿಭೆ ಬೇಕು. ಸುಲಭದ ದಾರಿ ಒಂದೇ, ಅವನನ್ನು ಬೆಪ್ಪನನ್ನಾಗಿ ಮಾಡಿ ನಿಲ್ಲಿಸುವುದು.

'ಬಂಟಿ ಔರ್ ಬಬ್ಲಿ' ಮುಗಿಯುವ ರೀತಿಯನ್ನು ಈಗ ಇದರ ಪಕ್ಕದಲ್ಲಿಟ್ಟು ನೋಡಿ. ಜೋಡಿಗೆ ಮದುವೆಯಾಗುತ್ತದೆ, ಮಗುವಾಗುತ್ತದೆ, ಇನ್ನು ಸಾಕೆಂದು ತೀರ್ಮಾನಿಸುತ್ತಾರೆ. ಸಿಕ್ಕಿಬಿದ್ದಾಗ ದಶರಥ ಸಿಂಗ್ ಮರುಗಿ ಬಿಟ್ಟುಬಿಡುತ್ತಾನೆ. ಮೂರು ವರ್ಷದ ಮೇಲೆ ಅವನೇ ಹುಡುಕಿಕೊಂಡು ಬಂದು, ನಿಮ್ಮ ಜಾಣತನ ದೇಶಕ್ಕೆ ಬೇಕು ಎಂದು ಕೆಲಸಕ್ಕೆ ಕರೆಯುತ್ತಾನೆ. ಕ್ಷಮೆಯನ್ನು ನಾನು ವಿರೋಧಿಸುವವನಲ್ಲ. ಕ್ಷಮಿಸದ ಮೇಷ್ಟರು ಮೇಷ್ಟರೇ ಅಲ್ಲ. ಆದರೆ ಕ್ಷಮಿಸುವ ಹಕ್ಕು ಯಾರದು? ಹಣ ಕಳೆದುಕೊಂಡದ್ದು ದಶರಥ ಸಿಂಗನಲ್ಲ. ಒಬ್ಬ ಹುಡುಗ ಇನ್ನೊಬ್ಬನ ಬುತ್ತಿಯನ್ನು ಕದ್ದು ತಿಂದರೆ, ಉಪವಾಸವಿದ್ದ ಹುಡುಗನನ್ನು ಮೂಲೆಯಲ್ಲೇ ಬಿಟ್ಟು, ಕದ್ದವನ ಬೆನ್ನು ತಟ್ಟಿ, ಅವನನ್ನೇ ತರಗತಿಯ ನಾಯಕನನ್ನಾಗಿ ಮಾಡುವುದು ಯಾವ ಶಾಲೆಯ ನ್ಯಾಯ?

2021ರ ನವೆಂಬರಿನಲ್ಲಿ ಇದರ ಎರಡನೆಯ ಭಾಗ ಬಂತು. ಅಭಿಷೇಕರ ಜಾಗದಲ್ಲಿ ಸೈಫ್ ಅಲಿ ಖಾನ್. ಹಳೆಯ ಜೋಡಿ ಸಂಸಾರಸ್ಥರಾಗಿ ನೆಲೆಸಿದ್ದಾರೆ. ಹೊಸ ಜೋಡಿಯೊಂದು ಅದೇ ಬಂಟಿ-ಬಬ್ಲಿ ಹೆಸರಿನಲ್ಲಿ ವಂಚನೆಗೆ ತೊಡಗುತ್ತದೆ. ಹಳಬರು ಕೆರಳುತ್ತಾರೆ. ತಮ್ಮ ಹೆಸರನ್ನು ಕದ್ದರಲ್ಲ ಎಂದು! ಇಷ್ಟೆಲ್ಲ ಜನರ ಹಣ ಹೋದಾಗ ಕದಲದಿದ್ದ ಮನಸ್ಸು ತಮ್ಮ ಸ್ವಂತ ಹೆಸರು ಕಳವಾದಾಗ ಕಳವಿನ ನೋವನ್ನು ಅರಿಯಿತು. ಈ ಎಳೆಯನ್ನು ಹಿಡಿದು ಬೆಳೆಸಿದ್ದರೆ ಅದೊಂದು ಒಳ್ಳೆಯ ಚಿತ್ರವಾಗುತ್ತಿತ್ತು. ಬೆಳೆಸಲಿಲ್ಲ, ಜನರೂ ಅದನ್ನು ಮೆಚ್ಚಲಿಲ್ಲ.

ಹಳೆಯ ಚಿತ್ರದ ಮೇಲೆ ಇಷ್ಟು ಮಾತು ಏಕೆಂದು ಕೇಳಬಹುದು. ನಾವಿರುವ ಕಾಲವನ್ನು ನೋಡಿ. ಈಗ ವಂಚಕ ಮನೆಗೆ ಬರಬೇಕಾಗಿಲ್ಲ, ದೂರವಾಣಿಯಲ್ಲಿ ಬರುತ್ತಾನೆ. ಪೊಲೀಸ್ ಸಮವಸ್ತ್ರ ತೊಟ್ಟು ವೀಡಿಯೋ ಕರೆಯಲ್ಲಿ ಕಾಣಿಸಿಕೊಂಡು 'ಡಿಜಿಟಲ್ ಅರೆಸ್ಟ್' ಎಂದು ಹೆದರಿಸುತ್ತಾನೆ. ಅಂಥದೊಂದು ಕ್ರಮ ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲವೆಂದು 2024ರ ಅಕ್ಟೋಬರಿನಲ್ಲಿ ಪ್ರಧಾನಮಂತ್ರಿಗಳೇ ತಮ್ಮ ಆಕಾಶವಾಣಿ ಭಾಷಣದಲ್ಲಿ ಎಚ್ಚರಿಸಬೇಕಾಯಿತು. ಹೀಗೆ ಹಣ ಕಳೆದುಕೊಂಡವರಲ್ಲಿ ವೈದ್ಯರಿದ್ದಾರೆ, ಅಧಿಕಾರಿಗಳಿದ್ದಾರೆ, ನನ್ನಂಥ ನಿವೃತ್ತರಿದ್ದಾರೆ. ಇವರೆಲ್ಲ ದುರಾಸೆಯಿಂದ ಹೋದವರೇ? ಅಲ್ಲ, ಹೆದರಿಕೆಯಿಂದ ಹೋದವರು, ಕಾನೂನಿನ ಮೇಲಿನ ಗೌರವದಿಂದ ಹೋದವರು. ದುರಾಸೆಯವರು ಮಾತ್ರ ಮೋಸಹೋಗುತ್ತಾರೆಂಬ ವಾದಕ್ಕೆ ಇಲ್ಲಿ ನೆಲೆಯೇ ಇಲ್ಲ.

ಇಂಥ ವಂಚನೆಯಲ್ಲಿ ಮೊದಲ ಕೆಲವು ಗಂಟೆಗಳು ಅಮೂಲ್ಯ. 1930 ಎಂಬ ಸಂಖ್ಯೆಗೆ ತಕ್ಷಣ ಕರೆಮಾಡಿದರೆ ಹಣ ಒಂದು ಖಾತೆಯಿಂದ ಮತ್ತೊಂದಕ್ಕೆ ಹಾರಿಹೋಗುವ ಮೊದಲು ತಡೆಹಿಡಿಯುವ ಸಾಧ್ಯತೆಯಿದೆ. ತಡವಾದಷ್ಟೂ ಆಸೆ ಕಡಿಮೆ. ಆದರೆ ಮೋಸಹೋದ ಹಿರಿಯರೊಬ್ಬರು ಆ ಗಂಟೆಗಳಲ್ಲಿ ಏನು ಮಾಡುತ್ತಿರುತ್ತಾರೆ? ಮಗನಿಗೆ ಹೇಳಲೋ ಬೇಡವೋ, ಸೊಸೆ ಏನಂದಾಳು, ಮೊಮ್ಮಕ್ಕಳು ನಕ್ಕಾರೇ ಎಂದು ಕತ್ತಲಲ್ಲಿ ಒಬ್ಬರೇ ಕುಳಿತಿರುತ್ತಾರೆ. ಪ್ಯಾರಿಸ್‌ನ ಹಳೆಕಬ್ಬಿಣದ ವ್ಯಾಪಾರಿ ಕುಳಿತ ಹಾಗೆ, ನಮ್ಮ ಶಾಲೆಯ ಜವಾನರು ಕುಳಿತ ಹಾಗೆ. ನಾವು ಎಂದೋ ನಕ್ಕ ನಗು ಅವರ ಕೈಯನ್ನು ದೂರವಾಣಿಯಿಂದ ಹಿಂದಕ್ಕೆ ಎಳೆಯುತ್ತಿರುತ್ತದೆ.

ಆದ್ದರಿಂದ ನನ್ನ ಬಿನ್ನಹ ಎರಡು. ಪತ್ರಿಕೆ ಮತ್ತು ವಾಹಿನಿಗಳ ಮಿತ್ರರು ವಂಚಕ ದಂಪತಿಗಳಿಗೆ ಸಿನಿಮಾ ನಾಯಕ ನಾಯಕಿಯರ ಹೆಸರಿಡುವುದನ್ನು ಬಿಡಲಿ. 'ವಂಚಕರು' ಎಂಬ ನಾಲ್ಕಕ್ಷರದ ಶುದ್ಧ ಪದ ನಮ್ಮಲ್ಲಿದೆ, ಸಾಲದೇ? ಓದುಗರಾದ ನೀವು, ನಿಮ್ಮ ಬೀದಿಯಲ್ಲಿ ಯಾರಾದರೂ ಮೋಸಹೋದರೆಂದು ಕೇಳಿದಾಗ "ಎಷ್ಟು ಹೋಯಿತಂತೆ?" ಎಂದು ಕುತೂಹಲದಿಂದ ಕೇಳುವ ಬದಲು, ಅವರ ಮನೆಗೆ ಹೋಗಿ "ಠಾಣೆಗೆ ಹೋಗೋಣ ಬನ್ನಿ" ಎನ್ನಿರಿ. ಮನೆಯ ಹಿರಿಯರಿಗೆ ಇಂದೇ ಹೇಳಿಡಿ: "ನಿಮಗೇನಾದರೂ ಹಾಗಾದರೆ ಮೊದಲು ನಮಗೆ ಹೇಳಿ, ನಾವು ಯಾರೂ ನಗುವುದಿಲ್ಲ." ಹಾಗೆಯೇ ನಡೆದುಕೊಳ್ಳಿ.

ಬೆಕ್ಕಿಗೆ ಚೆಲ್ಲಾಟವಾದರೆ ಇಲಿಗೆ ಪ್ರಾಣಸಂಕಟ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಗಾದೆಯಲ್ಲಿ ಬೆಕ್ಕೂ ಇದೆ, ಇಲಿಯೂ ಇದೆ. ಎರಡಕ್ಕೂ ಸಮಪಾಲು ಜಾಗವಿದೆ. ಎರಡೂವರೆ ಗಂಟೆಗೂ ಮಿಕ್ಕ ಚಿತ್ರದಲ್ಲಿ ಇಲಿಗೆ ಎರಡೂವರೆ ನಿಮಿಷವನ್ನಾದರೂ ಕೊಟ್ಟಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ.